ಅರಿಷಿಣ ಹಚ್ಚಿದ ಹೆಸರುಗಳು

ಲಕ್ಷ್ಮೇಶ್ವರ, ೧೫ ಫೆಬ್ರವರಿ ೧೯೭೬

…ಓದಾಕ ಬರೂದಿಲ್ಲ ಅಂತನ ಜನ ನನಗ ಎಲ್ಲಾ ಹೇಳ್ತಾರ್ರಿ. ಇದನ್ನು ದೇವಪ್ಪ ಇವತ್ತು ಹೇಳಿದನೋ, ಹೋದ ವರ್ಷವೋ, ಅಥವಾ ಅವನ ಅಪ್ಪ ನನ್ನ ಅಪ್ಪನಿಗೆ ಹೇಳುವಾಗ ನಾನು ಪಕ್ಕದಲ್ಲಿದ್ದೆನೋ, ಸರಿಯಾಗಿ ನೆನಪಾಗುತ್ತಿಲ್ಲ. ಮಾತಿಗೆ ಇನ್ನೊಂದು ತುದಿ ಇತ್ತು. ಅದು ಕೈಗೆ ಸಿಗುತ್ತಿಲ್ಲ.

ದೇವಪ್ಪ ಹೆಳವರವನು. ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಎತ್ತಿನ ಮೇಲೆ ಕುಳಿತು ಬರುತ್ತಾನೆ. ಒಕ್ಕಲು ಮನೆಗಳ ಕಟ್ಟೆಯ ಮೇಲೆ ಕುಳಿತು, ಆ ಮನೆಯ ಮೂಲದವರು ಯಾವ ಊರು ಬಿಟ್ಟು ಬಂದರು, ಯಾರಿಗೆ ಯಾರು ಹುಟ್ಟಿದರು ಎಂದು ಏಳು ತಲೆಮಾರಿನ ಹೆಸರುಗಳನ್ನು ಒಂದೇ ರಾಗದಲ್ಲಿ ಹೇಳುತ್ತಾನೆ. ಹಿಂದಿನ ಸಲ ಬಂದು ಹೋದ ಮೇಲೆ ಹುಟ್ಟಿದವರ ಹೆಸರು ಕೇಳಿ ಹೊತ್ತಿಗೆಗೆ ಸೇರಿಸುತ್ತಾನೆ. ಅವನ ಮನೆತನದಲ್ಲಿ ಯಾರಿಗೂ ಅಕ್ಷರ ಬಾರದು. ಅವರು ಹೇಳಬೇಕು, ಅಡರಕಟ್ಟಿಯ ಕುಲಕರ್ಣಿಗಳು ಬರೆಯಬೇಕು. ನನ್ನ ಅಜ್ಜ ಬರೆದರು, ಅಪ್ಪ ಬರೆದರು. ಕುಲಕರ್ಣಿಕೆ ಹೋಯಿತು, ನಾನು ಈ ಊರಿನಲ್ಲಿ ಮಾಸ್ತರನಾದೆ. ದೇವಪ್ಪ ಮಾತ್ರ ನನ್ನನ್ನು ಬಿಡಲಿಲ್ಲ. ಸುಗ್ಗಿಯಲ್ಲಿ ಒಂದು ರವಿವಾರ ಅವನ ಜೊತೆ ಅಡರಕಟ್ಟಿಗೆ ಹೋಗಿ ಹೊಸ ಹೆಸರು ಬರೆದು ಬರುತ್ತೇನೆ. ಹೊತ್ತಿಗೆ ಪೂರ್ತಿ ಮೋಡಿಯಲ್ಲಿದೆ. ಹಳೆಯ ಕಾಲದ ಕಾರಕೂನರು ಕೈ ಎತ್ತದೆ ಬರೆಯುತ್ತಿದ್ದ ಲಿಪಿ. ಅದನ್ನು ಓದಬಲ್ಲವರು ಈ ಸುತ್ತಿನಲ್ಲಿ ನನ್ನನ್ನು ಬಿಟ್ಟರೆ ಯಾರೂ ಉಳಿದಿಲ್ಲ.

ಇವತ್ತು ಯಂಕಪ್ಪನ ಮನೆಯಲ್ಲಿ ಬರೆಯುವುದಕ್ಕೆ ಏನೂ ಇರಲಿಲ್ಲ. ಅವನ ಹೆಂಡತಿ ಉಡಚವ್ವ ಬಟ್ಟಲಲ್ಲಿ ಅರಿಷಿಣ ಕಲಸಿಕೊಂಡು ಬಂದಳು. ಹೋದ ಸುಗ್ಗಿಯಲ್ಲಿ ನಾನೇ ಬರೆದ ಹೆಸರು, ಫಕ್ಕೀರಪ್ಪ. ಆಗ ಕೂಸು ಅವಳ ತೊಡೆಯ ಮೇಲಿತ್ತು. ಮಳೆಗಾಲದಲ್ಲಿ ಜ್ವರ ಬಂದು ಹೋಯಿತಂತೆ. ಅದರ ಮೇಲಿನ ಎರಡು ಸಾಲು ಅವಳ ಮೊದಲಿನ ಮಕ್ಕಳು, ದುರಗಪ್ಪ, ನೀಲಗಂಗವ್ವ. ಅವುಗಳ ಪಕ್ಕದ ಅರಿಷಿಣ ಒಣಗಿ ಕಂದಾಗಿದೆ.

"ಎಲ್ಲೈತ್ರಿ ನನ್ನ ಕೂಸು?" ಎಂದಳು.

ಬೆರಳಿಟ್ಟು ತೋರಿಸಿದೆ.

"ಇಷ್ಟ ಸಣ್ಣದೇನ್ರಿ?"

ಅವಳೇ ಹಚ್ಚಿದಳು. ಹೆತ್ತವಳ ಬೆರಳೇ ಆಗಬೇಕು. ಆಮೇಲೆ ದೇವಪ್ಪ ಹೇಳಲು ಶುರುಮಾಡಿದ. ಎಲ್ಲ ಮನೆಯಲ್ಲೂ ಮೊದಲು ಬರೆದವರ ಹೆಸರು ಬರುತ್ತದೆ: "ಬರದಾತ ವೆಂಕೋಬರಾಯ, ಬರದಾತ ಭೀಮರಾಯ, ಬರದಾತ ಜಯತೀರ್ಥರಾಯ." ನನ್ನ ಹೆಸರು ಬಂದಾಗ ನಾನು ಬೇರೆ ಕಡೆ ನೋಡುತ್ತೇನೆ, ಕೇಳಿಸುತ್ತದೆ. ಯಂಕಪ್ಪನ ಹೆಸರಾದ ಮೇಲೆ ದೇವಪ್ಪ ಉಸಿರು ಹಿಡಿದ. ಬಿಟ್ಟ. ಮತ್ತೆ ಹಿಡಿದ. ಮೂರು ಸಲ. ಯಂಕಪ್ಪ ಎತ್ತಿನ ಕೊರಳ ಹಗ್ಗ ಸರಿಮಾಡುತ್ತಿದ್ದ, ಅದು ಸರಿಯಾಗಿಯೇ ಇತ್ತು.

ದಾರಿಯಲ್ಲಿ ದೇವಪ್ಪ ಹೇಳಿದ: "ಸತ್ತಾವು ಅನ್ನಂಗಿಲ್ರಿ ಮಾಸ್ತರ. ದೇವರಾಗ್ಯಾವು. ಹೆಸರು ಅಳಸಂಗಿಲ್ಲ, ಬಾಯಿಲೆ ಹೇಳಂಗೂ ಇಲ್ಲ."


೧೬ ಫೆಬ್ರವರಿ

ದೇವಪ್ಪ ಹೊತ್ತಿಗೆಯನ್ನು ಮುಂದಿನ ಸುಗ್ಗಿಯ ತನಕ ನನ್ನಲ್ಲೇ ಬಿಟ್ಟು ಹೋದ. ಇಂಥದು ಎಂದೂ ನಡೆದಿರಲಿಲ್ಲ.

"ಮುಂಡರಗಿ ಕಡೆ ನಮ್ಮ ಬೀಗರ ಹೊತ್ತಿಗಿ ಕೇಳ್ಕೊಂತ ಸರಕಾರದವರು ಜೀಪಿನ್ಯಾಗ ಬಂದಿದ್ರಂತ್ರಿ. ಯಾರ ಮನ್ಯಾಗ ಎಷ್ಟ ಮಂದಿ, ಯಾರಿಗೆ ಎಷ್ಟ ಮಕ್ಕಳು, ಎಲ್ಲಾ ಬೇಕಂತ. ನಿಮ್ಮ ಪೆಟ್ಟಿಗ್ಯಾಗ ಇರಲ್ರಿ. ಹೆಸರು ನನ್ನ ಬಾಯಾಗ ಅದಾವು."

"ಯಾರು ಕೇಳಿದರೂ ಕೊಡೂದಿಲ್ಲ ದೇವಪ್ಪಾ" ಎಂದೆ. ಸ್ವಲ್ಪ ಜೋರಾಗಿಯೇ ಎಂದೆ.

ಎತ್ತು ಹತ್ತುವ ಮುಂಚೆ ಕೇಳಿದ: "ಇದರಾಗಿಂದು ಮತ್ತೆಲ್ಲೂ ಇಲ್ಲಲ್ರಿ?"

ಇಲ್ಲ ಎಂದೆ. ಅವನು ಕೇಳಿದ್ದು ಇನ್ನೊಂದು ಹೊತ್ತಿಗೆಯ ವಿಷಯ ಎಂದು ನನಗೆ ಅನಿಸಿತು. ಇನ್ನೊಂದು ಹೊತ್ತಿಗೆ ಇಲ್ಲ.


೨ ಮಾರ್ಚ್

ಎರಡು ವರ್ಷದಿಂದ ಹೊತ್ತಿಗೆಯನ್ನು ಉದ್ದನೆಯ ರೂಲುವಹಿಯೊಂದಕ್ಕೆ ತಿಳಿಗನ್ನಡದಲ್ಲಿ ಇಳಿಸುತ್ತಿದ್ದೇನೆ. ದೇವಪ್ಪ ಪ್ರತಿ ಸುಗ್ಗಿಯಲ್ಲಿ ಎಂಟು ದಿನ ಸುತ್ತಿನ ಹಳ್ಳಿಗಳಿಗೆ ಹೋಗುವಾಗ ಅದನ್ನು ನನ್ನ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದ. ಮೋಡಿ ನನ್ನೊಂದಿಗೆ ಹೋಗುತ್ತದೆ, ಹೆಸರುಗಳಾದರೂ ಉಳಿಯಲಿ. ಧಾರವಾಡದ ಯಾವುದಾದರೂ ಪತ್ರಿಕೆಗೆ ಒಂದು ದೀರ್ಘ ಲೇಖನವಾಗಬಹುದು. ಈಗ ಹೊತ್ತಿಗೆ ಮನೆಯಲ್ಲೇ ಇರುವುದರಿಂದ ಕೆಲಸ ಜಲ್ದಿ ಸಾಗಿದೆ. ಅಡರಕಟ್ಟಿ ಮುಗಿಯಿತು. ಮನೆಯ ಹಿರಿಯರು, ಗಂಡ, ಹೆಂಡತಿ, ಮಕ್ಕಳು: ನಾಲ್ಕು ಅಂಕಣ, ಮಗುವಿಗೊಂದು ಸಾಲು. ಬಹಳ ಚೊಕ್ಕಟವಾಗಿ ಬಂದಿದೆ.

ನೀಲಿ ಶಾಯಿಯಲ್ಲಿ ಅರಿಷಿಣಕ್ಕೆ ಜಾಗವಿಲ್ಲ. ಕೊನೆಯಲ್ಲಿ ಒಂದು ಟಿಪ್ಪಣಿ ಬರೆದರಾಯಿತು.

"ಮಂದಿ ಮಕ್ಕಳ ಹೆಸರು ಬರಕೋತ ಕೂತೀರಿ" ಎಂದು ಹೆಂಡತಿ ಕಮಲಾಬಾಯಿ ಚಹಾ ಇಡುತ್ತ ಹೇಳಿದಳು, "ಗದಗಿನ್ಯಾಗ ನಿಮ್ಮ ಮಗಳೊಬ್ಬಾಕಿ ಇದ್ದಾಳ. ಆಕೀಗೆ ಒಂದು ಕಾರ್ಡು ಬರದ್ರ ಕೈಯೇನು ಸವೀತದೇನು?"

ಹೊತ್ತಿಗೆ, ವಹಿ ಎರಡನ್ನೂ ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ. ಕೀಲಿಕೈ ನನ್ನ ಜನಿವಾರದಲ್ಲಿರುತ್ತದೆ. ವರ್ಷಕ್ಕೊಮ್ಮೆ, ನೂಲ ಹುಣ್ಣಿಮೆಗೆ ಜನಿವಾರ ಬದಲಿಸುವಾಗ, ಕಮಲಾಬಾಯಿಯ ಸೆರಗಿನ ಗಂಟಿಗೆ ಹೋಗಿ ಸಂಜೆಗೆ ಮರಳಿ ಬರುತ್ತದೆ. ಅಪ್ಪನ ಕಾಲದಿಂದ ಹಾಗೆಯೇ.


೧೧ ಜೂನ್

ಶಾಲೆ ಶುರುವಾಯಿತು. ಹೆಡ್‌ಮಾಸ್ತರರು ಸುತ್ತೋಲೆ ಓದಿದರು. ಒಬ್ಬೊಬ್ಬ ಮಾಸ್ತರ ಮೂವರು ಗಂಡಸರನ್ನು ಸಂತಾನ ನಿಲ್ಲಿಸುವ ಆಪರೇಷನ್ನಿಗೆ ತರಬೇಕು. ಮೂರು ಅಥವಾ ಹೆಚ್ಚು ಮಕ್ಕಳಿರುವವರು. ಆಗಸ್ಟಿನೊಳಗೆ. ಇಲ್ಲದಿದ್ದರೆ ದೂರದ ಊರಿಗೆ ವರ್ಗ. ಓದುವಾಗ ಅವರು ಕನ್ನಡಕ ತೆಗೆದಿದ್ದರು, ನಮ್ಮ ಮುಖ ಕಾಣಬಾರದೆಂದೋ ಏನೋ.

ನಾನು ಎದ್ದು ನಿಂತು, ಜನರನ್ನು ಹಿಡಿದು ತರುವ ಕೆಲಸ ಮಾಸ್ತರಿಕೆಯಲ್ಲಿ ಎಲ್ಲೂ ಬರೆದಿಲ್ಲ ಎಂದೆ. ಯಾರೂ ತಿರುಗಿ ನೋಡಲಿಲ್ಲ. ಎದ್ದು ನಿಂತದ್ದರಿಂದ ಏನೋ ಆಯಿತು ಎಂದು ಮನೆಗೆ ಬರುವ ತನಕ ಅನಿಸುತ್ತಿತ್ತು.


೪ ಜುಲೈ

ಪ್ರಹ್ಲಾದ ಬಂದಿದ್ದ. ಅಡರಕಟ್ಟಿಯಲ್ಲಿ ನಾವಿಬ್ಬರೂ ಒಂದೇ ಮಣೆಯ ಮೇಲೆ ಕುಳಿತು ಮೋಡಿ ಕಲಿಯಲು ಶುರುಮಾಡಿದವರು. ಅವನು ಎಂಟು ದಿನಕ್ಕೆ ಬಿಟ್ಟ. ಈಗ ತಾಲೂಕು ಕಚೇರಿಯಲ್ಲಿ ಅವ್ವಲ ಕಾರಕೂನ. ನನ್ನ ಮದುವೆಯಲ್ಲಿ ಅಂತರಪಟ ಹಿಡಿದವನು. ಮಗಳ ಬಾಣಂತನದಲ್ಲಿ ಮಧ್ಯಾಹ್ನದ ಬಿಸಿಲಲ್ಲಿ ಸೈಕಲ್ ಮೇಲೆ ಔಷಧ ತಂದವನು.

"ಜಯಾ, ಮೀಟಿಂಗಿನ್ಯಾಗ ಎದ್ದು ನಿಂತಿದ್ದೆಂತಲೋ. ಖಬರ ಬಂತು."

"ನಿನ್ನ ತನಕ ಬಂತೇನು?"

"ನನ್ನ ತನಕ ಅಷ್ಟೇ ಬಂದಿದ್ರ ನಾ ಯಾಕ ಬರ್ತಿದ್ದೆ? ಸಾಹೇಬರ ಮೇಜಿನ ಮ್ಯಾಲೆ ವರ್ಗದ ಯಾದಿ ಅದ. ಮುಂಡರಗಿ ಆಚೆ ಹೊಳಿದಂಡಿ ಊರು, ಅದರ ಮುಂದ ನಿನ್ನ ಹೆಸರು."

ಕಮಲಾಬಾಯಿ ಒಳಗಿನಿಂದಲೇ ಹೇಳಿದಳು: "ಹೋದ್ರ ಹೋಗೂಣು. ಹೊಳಿ ನೀರರ ಸಿಗ್ತದ. ಇಲ್ಲಿ ಬಾವ್ಯಾಗ ಬಕೀಟು ಬಿಟ್ರ ಕೆಸರು ಬರ್ತದ."

"ವೈನಿ, ನಿಮ್ಮದು ಚಾಷ್ಟಿ" ಎಂದು ಪ್ರಹ್ಲಾದ ನಕ್ಕ. ಆಮೇಲೆ ನನ್ನ ಕಡೆಗೆ ಬಾಗಿದ. "ನನ್ನ ತಲಿ ಮ್ಯಾಲೆ ಮೂವತ್ತು ಹೆಸರು ಹಾಕ್ಯಾರೋ. ಯಾರನ್ನ ಕೇಳಿದ್ರೂ ನಮಗ ಮಕ್ಕಳ ಇಲ್ಲರೀ, ಒಂದರೀ, ಅಂತಾರ. ರೇಶನ್ ಕಾರ್ಡಿನ್ಯಾಗ ಹತ್ತು, ಬಾಯಾಗ ಒಂದು. ಖರೆ ಹೇಳೂದು ಅವರು ಒಬ್ಬನ ಮುಂದ. ಆ ನಿನ್ನ ಹೆಳವನ ಮುಂದ."

"ಅದು ಮೋಡಿಯೊಳಗ ಅದ."

"ಮೋಡಿಯೊಳಗಿನದು ನನಗ್ಯಾಕ?" ಎಂದ. "ನೀ ಚಂದಾಗಿ ಕನ್ನಡದಾಗ ಬರಿಲಿಕ್ಕೆ ಹತ್ತೀ ಅಂತ ನೀನ ಹೋದ ದೀಪಾವಳಿಗೆ ಹೇಳಿದ್ದೆಲ್ಲಾ."

ಹೇಳಿದ್ದೆ. ಎರಡು ಪುಟ ಓದಿಯೂ ತೋರಿಸಿದ್ದೆ.

"ಕೊಡೂದಿಲ್ಲ" ಎಂದೆ.

"ಕೊಡಬ್ಯಾಡ. ನಾ ಕೇಳೂದೂ ಇಲ್ಲ." ಚಹಾದ ಬಸಿ ಕೆಳಗಿಟ್ಟ. "ನಿನ್ನ ಹೆಸರೇ ಬರ್ಕೊಳ್ಳೂಣು ಅಂದ್ರ, ಒಂದು ಮಗಳು, ಐವತ್ತರ ಹತ್ರ ಬಂದೀ. ಡಾಕ್ಟರು ಮೇಜು ಹೊಲಸಾತು ಅಂತ ಬೈತಾನ."

ನಾನೂ ನಕ್ಕೆ.


೨೯ ಜುಲೈ

ಮೂವರು ಮಾಸ್ತರರಿಗೆ ವರ್ಗದ ಆರ್ಡರು ಬಂತು. ನನಗೆ ಬಂದಿಲ್ಲ. ಬಾರದೆ ಇರುವುದು ಬರುವುದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ.

ನಕಾಶೆಯಲ್ಲಿ ಆ ಹೊಳೆದಂಡೆಯ ಊರನ್ನು ಹುಡುಕಿದೆ. ಹೆಸರೇನೋ ಇದೆ. ಹೋಗಲಾರದಂಥ ಊರೇನಲ್ಲ. ಆದರೆ ಅಲ್ಲಿ ನನ್ನ ಪುಸ್ತಕಗಳನ್ನು ಎಲ್ಲಿಡುವುದು?


೮ ಆಗಸ್ಟ್

ನಾಳೆ ನೂಲ ಹುಣ್ಣಿಮೆ. ಪ್ರಹ್ಲಾದ ಹಬ್ಬಕ್ಕೆಂದು ಇಂದೇ ಬಂದಿದ್ದಾನೆ. ಹಳೆಯ ದಿನಗಳ ಮಾತಾಡಿದೆವು. ಕಚೇರಿಯ ವಿಷಯ ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಎಷ್ಟೋ ದಿನದ ಮೇಲೆ ಮನಸ್ಸು ಹಗುರಾಯಿತು.


೯ ಆಗಸ್ಟ್

ಬೆಳಿಗ್ಗೆ ಮಠಕ್ಕೆ ಹೋದೆ. ಕಮಲಾಬಾಯಿ ಅಡುಗೆಗೆ ಕೈಗೂಡಿಸಲು ಮುಂಚೆಯೇ ಹೋಗಿದ್ದಳು. ಪ್ರಹ್ಲಾದ ಬರಲಿಲ್ಲ. "ನನಗ ನೆಗಡಿ ಅದನೋ. ತಣ್ಣೀರು ಆಗೂದಿಲ್ಲ. ಇಲ್ಲೇ ಹಾಕ್ಕೋತೇನಿ" ಎಂದ.

ಜನಿವಾರದಿಂದ ಬಿಚ್ಚಿದ ಕೀಲಿಕೈ ಕಿಟಕಿಯ ಕಟ್ಟೆಯ ಮೇಲೆ ಉಳಿದುಬಿಟ್ಟಿತು. ಅವಸರದಲ್ಲಿ. ಮಠದಲ್ಲಿ ಕುಳಿತಾಗ ನೆನಪಾಯಿತು. ಮಡಿಯಲ್ಲಿ ಎದ್ದು ಬರುವುದು ಹೇಗೆ? ಮಂತ್ರ ಮುಗಿಯುವುದಕ್ಕೆ ಎರಡು ತಾಸು ಬೇಕಾಯಿತು. ಇಂದು ಆಚಾರ್ಯರು ಎಲ್ಲವನ್ನೂ ನಿಧಾನವಾಗಿ ಹೇಳಿಸಿದರು.


೧೦ ಆಗಸ್ಟ್

ಪ್ರಹ್ಲಾದ ಬೆಳಗಿನ ಬಸ್ಸಿಗೆ ಹೋದ. ಕಪಾಟು ತೆಗೆದೆ. ದೇವಪ್ಪನ ಹೊತ್ತಿಗೆಯನ್ನು ಯಾರೂ ಮುಟ್ಟಿಲ್ಲ. ಅದರ ಮೇಲಿನ ಧೂಳು ಹಾಗೆಯೇ ಇದೆ. ವಹಿಯ ಬೆನ್ನು ಗೋಡೆಯ ಕಡೆಗಿತ್ತು. ನಾನು ಯಾವಾಗಲೂ ಬೆನ್ನು ಈಚೆಗೆ ಮಾಡಿ ಇಡುತ್ತೇನೆ ಎಂದು ಖಚಿತವಾಗಿ ಹೇಳಲಾರೆ.

"ಈ ಸಲ ಕೀಲಿಕೈ ನನ್ನ ಕೈಯಾಗ ಯಾಕ ಕೊಡಲಿಲ್ಲ?" ಎಂದಳು ಕಮಲಾಬಾಯಿ.

ಹೇಳುವಷ್ಟರಲ್ಲಿ ಹಾಲು ಉಕ್ಕಿತು.


೨೮ ಆಗಸ್ಟ್

ಹೆಡ್‌ಮಾಸ್ತರರು ಕರೆದು ಕೈ ಕುಲುಕಿದರು. ನನ್ನ ಹೆಸರಿನಲ್ಲಿ ಮೂರು ಪ್ರಕರಣ ಜಮೆಯಾಗುತ್ತವಂತೆ, ಕಚೇರಿಯಿಂದ ತಿಳಿಸಿದ್ದಾರೆ. ವರ್ಗದ ಮಾತಿಲ್ಲ.

"ಯಾರು ಅಂತ ನೀವು ಹೇಳಲೇ ಇಲ್ಲಲ್ರಿ, ಕುಲಕರ್ಣಿಯವರ?"

ನನಗೂ ಗೊತ್ತಿಲ್ಲ ಎಂದೆ. ಅದು ನಿಜ.


೧೭ ಸೆಪ್ಟೆಂಬರ್

ಸೈಕಲ್ ಪಂಕ್ಚರ್ ಆಗಿತ್ತು. ಬಸ್‌ಸ್ಟ್ಯಾಂಡಿನ ಮುಂದಿನ ಖಾಸಿಂಸಾಬನ ಅಂಗಡಿಗೆ ಒಯ್ದೆ. ಅವನು ಟ್ಯೂಬು ನೀರಿನಲ್ಲಿ ಅದ್ದುತ್ತ ಕೇಳಿದ:

"ನಿಮ್ಮ ಅಡರಕಟ್ಟಿ ಯಂಕಪ್ಪನ ಸುದ್ದಿ ಕೇಳಿದ್ರೇನ್ರಿ ಮಾಸ್ತರ?"

ಇಲ್ಲ ಎಂದೆ.

"ಮೊನ್ನಿ ಸಂತಿ ದಿನ ಇಲ್ಲೇ ನಿಂತಿದ್ರಿ ಜೀಪು. ಒಬ್ಬಾಂವ ಕಾಗದ ಹಿಡಕೊಂಡು ಹೆಸರ ಕೂಗಾಕತ್ತಿದ್ದ, ಸಾಲಿಯಾಗ ಹಾಜರಿ ತಗೊಂಡಂಗ. ಯಂಕಪ್ಪಗ ಬುದ್ಧಿ ಇಲ್ನೋಡ್ರಿ, ಓ ಅಂದ."

"ಓ ಅಂದನೇ?"

"ಅಂದಾ! ಹೆಸರ ಕರದ್ರ ಓ ಅನ್ನಲಾರದ ಇನ್ನೇನ ಅಂತಾನ್ರಿ? ನನಗ ಮಕ್ಕಳ ಇಲ್ರೋ ಯಪ್ಪಾ ಅಂತ ಕಾಲಿಗೆ ಬಿದ್ದ. ಆ ಕಾಗದದಾಂವ ನಕ್ಕೋಂತ ಓದಿದ್ರಿ, ಇವನ ಮುತ್ಯಾನ ಹೆಸರು, ಅಪ್ಪನ ಹೆಸರು, ದುರಗಪ್ಪ, ನೀಲಗಂಗವ್ವ, ಫಕ್ಕೀರಪ್ಪ. ಮೂರು ಇಲ್ಲೇ ಅದಾವಲ್ಲೋ, ಸುಳ್ಳ ಹೇಳ್ತೀ ಅಂದ. ಮಕ್ಕಳ ಹೆಸರ ಕೇಳಿದ ಮ್ಯಾಲೆ ಯಂಕಪ್ಪ ಸುಮ್ಮನಾಗಿಬಿಟ್ಟ ನೋಡ್ರಿ. ತಾನಾಗೇ ಜೀಪು ಹತ್ತಿ ಕುಂತ."

ಟ್ಯೂಬಿನಿಂದ ಗುಳ್ಳೆ ಬರುತ್ತಿದ್ದವು. ಖಾಸಿಂಸಾಬ ಅಲ್ಲಿ ಬೆರಳಿಟ್ಟ.

"ಒಂದೂ ಉಳದಿಲ್ಲಂತಲ್ರಿ ಅವರಿಗೆ? ಹೌದೇನ್ರಿ?"


೧೮ ಸೆಪ್ಟೆಂಬರ್

ಟಿಪ್ಪಣಿ ಬರೆಯಬೇಕಾಗಿತ್ತು.


೩ ಅಕ್ಟೋಬರ್

ಪ್ರಹ್ಲಾದನ ಮನೆಗೆ ಹೋದೆ. ಹೊರಗೇ ನಿಂತು ಕೇಳಿದೆ, ನೀನು ನನ್ನ ಕಪಾಟು ತೆಗೆದೆಯಾ ಎಂದು.

"ಒಳಗ ಬಾ ಮೊದಲು. ಓಣಿ ಮಂದಿ ನೋಡ್ತಾರ."

"ಹೇಳು."

"ನಾ ಕೇಳೇನೇನು? ಇಲ್ಲ. ನೀ ಕೊಟ್ಟೀಯೇನು? ಇಲ್ಲ. ಮತ್ತ?" ಎಂದ. ಸ್ವರ ತಗ್ಗಿಸಿದ. "ಕೀಲಿಕೈ ಕಿಟಕ್ಯಾಗ ಇತ್ತು, ಜಯಾ. ಅರ್ಧ ತಾಸು ನಾ ಅದನ್ನ ನೋಡಕೋತ ಕೂತಿದ್ದೆ. ಮರತು ಹೋಗ್ಯಾನೇನೋ, ತಿರುಗಿ ಬರ್ತಾನೇನೋ ಅಂತ. ನೀ ಬರಲಿಲ್ಲ."

"ಮಡಿಯೊಳಗಿದ್ದೆ."

"ಹೌದು. ಮಡಿಯೊಳಗಿದ್ದಿ."

"ಅವನ ಮಕ್ಕಳು ಸತ್ತಾವು, ಪ್ರಹ್ಲಾದಾ. ಮೂರೂ."

ಅವನ ಮುಖ ಬಿಳುಪೇರಿದ್ದನ್ನು ನಾನು ನೋಡಿದೆ. ಅದನ್ನು ಇಲ್ಲಿ ಬರೆಯದಿದ್ದರೆ ಅನ್ಯಾಯವಾಗುತ್ತದೆ. ಆಮೇಲೆ ಕೇಳಿದ: "ಸತ್ತಾವು ಅಂತ ಎಲ್ಲಿ ಬರದೀ?"

ಹಿಂತಿರುಗಿ ಬಸ್‌ಸ್ಟ್ಯಾಂಡಿಗೆ ನಡೆದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಒಂದೇ ವಾಕ್ಯವನ್ನು ಜೋಡಿಸುತ್ತಿದ್ದೆ: ನಲವತ್ತು ವರ್ಷದ ಗೆಳೆಯ, ನನ್ನ ಮನೆಯ ಅನ್ನ ಉಂಡು, ನನ್ನ ಕಪಾಟಿಗೆ ಕೈ ಹಾಕಿದ. ವಾಕ್ಯ ಚೆನ್ನಾಗಿದೆ. ಇದಕ್ಕಿಂತ ದೊಡ್ಡ ದ್ರೋಹವನ್ನು ನಾನು ಕಂಡಿಲ್ಲ. ಅವನ ಮುಖ ಇನ್ನು ನೋಡಬಾರದು.


೧೪ ನವೆಂಬರ್

ಸಂತೆಯಲ್ಲಿ ಉಡಚವ್ವ ಮೆಣಸಿನಕಾಯಿ ಇಟ್ಟುಕೊಂಡು ಕುಳಿತಿದ್ದಳು. ತಿರುಗಿ ಬೇರೆ ಸಾಲಿಗೆ ಹೋಗಬೇಕೆಂದೆ. ಅವಳೇ ಕರೆದಳು.

"ಮಾಸ್ತರ, ನೆಟ್ಟಗದೀರೇನ್ರಿ? ಅವ್ವಾರು?"

ನೆಟ್ಟಗಿದ್ದೇವೆ ಎಂದೆ. ಯಂಕಪ್ಪ ಎಲ್ಲಿ ಎಂದು ಕೇಳಲಿಲ್ಲ. ಅವಳೇ ಹೇಳಿದಳು:

"ಮನಿ ಬಿಟ್ಟ ಹೊರಗ ಬರವಲ್ರು. ಹೊಲಕ್ಕ ನಾನ ಹೋಗ್ತೇನ್ರಿ." ಮೆಣಸಿನಕಾಯಿಯ ಗುಂಪನ್ನು ಸುಮ್ಮನೆ ಸರಿಮಾಡಿದಳು. "ಆ ಹೆಳವ ಬಾಯಿ ಬಿಟ್ಟಾನ್ರಿ. ಇನ್ಯಾರಿಗೆ ಗೊತ್ತಿತ್ರಿ ನಮ್ಮ ಮುತ್ಯಾಗೋಳ ಹೆಸರು? ಅವ ಹೇಳೂವಂಗ ಓದಿದ್ರಂತ, ಹಂಗ ಸಾಲಾಗಿ. ಆದ್ರ ದೇವರಾದವರ ಹೆಸರ ಬಂದಲ್ಲಿ ಉಸರ ಹಿಡೀಲಿಲ್ಲಂತ್ರಿ. ಜೋರಾಗಿ ಕೂಗಿದ್ರಂತ, ಸಂತ್ಯಾಗ. ನಮ್ಮವರಿಗೆ ಅದ ಹತ್ತೇತ್ರಿ ಎದಿಗೆ, ಆಪರೇಷನ್ ಅಲ್ಲ."

ನಾನು ಏನೋ ಹೇಳುವವನಿದ್ದೆ. ಅಷ್ಟರಲ್ಲಿ ಗಿರಾಕಿ ಬಂದರು.

"ಈ ಸಲ ಊರಿಗೆ ಬರಲಿ ಅವ" ಎಂದಳು. "ಕಟ್ಟಿ ಹತ್ತಾಕ ಬಿಡಂಗಿಲ್ಲ ಯಾರೂ."

ಒಂದು ಕೈ ಮೆಣಸಿನಕಾಯಿ ನನ್ನ ಚೀಲಕ್ಕೆ ಹಾಕಿದಳು. ಬೇಡವೆಂದರೂ ಕೇಳಲಿಲ್ಲ.


೨ ಡಿಸೆಂಬರ್

ಅಡರಕಟ್ಟಿಗೆ ಹೋಗಿ ಹೇಳಬೇಕು. ಹೇಳುವುದು ಏನು? ಪ್ರಕರಣದಲ್ಲಿ ನನ್ನ ಪಾತ್ರ ಇಷ್ಟೇ: ನಾನು ಒಂದು ವಿದ್ವತ್ತಿನ ಕೆಲಸ ಮಾಡಿದೆ, ಅದನ್ನು ಒಬ್ಬ ಕದ್ದ. ಇದನ್ನು ಹಳ್ಳಿಯವರಿಗೆ ತಿಳಿಯುವಂತೆ ಹೇಳುವುದು ಕಷ್ಟ. ಸುಗ್ಗಿಯ ಹೊತ್ತಿಗೆ ನೋಡೋಣ.


೨೦ ಫೆಬ್ರವರಿ ೧೯೭೭

ದೇವಪ್ಪ ನಡೆದುಕೊಂಡು ಬಂದ. ಎತ್ತು ಎಲ್ಲಿ ಎಂದೆ.

"ಇಲ್ಲೇ ಮಾಗಡಿಯೊಳಗ ಬಿಟ್ಟ ಬಂದೇನ್ರಿ, ತಂಗಿ ಮನ್ಯಾಗ. ಅಡರಕಟ್ಟಿಯೊಳಗ ಮೈಮ್ಯಾಲೆ ಕಲ್ಲ ಬಿದ್ವು ಅದಕ್ಕ. ಮೂಕ ಪ್ರಾಣಿ. ಅದೇನ ಮಾಡಿತ್ತು?"

ಕಮಲಾಬಾಯಿ ಕೊಟ್ಟ ನೀರು ಕುಡಿದ. ನನ್ನನ್ನು ನೋಡುತ್ತಿರಲಿಲ್ಲ, ಕಪಾಟನ್ನು ನೋಡುತ್ತಿದ್ದ. ನಾನು ಜನಿವಾರದಲ್ಲಿದ್ದ ಕೀಲಿಕೈ ಹಿಡಿದು ಬಾಗಿ ಕಪಾಟು ತೆಗೆದೆ. ಹೊತ್ತಿಗೆಯ ಪಕ್ಕದಲ್ಲೇ ವಹಿ ಇತ್ತು. ಅದನ್ನೂ ನೋಡಿದ.

"ಅದೇನ್ರಿ?"

"ಶಾಲಿದು" ಎಂದೆ.

ಅವನು ಎದ್ದು ಬಂದು ವಹಿಯನ್ನು ಕೈಗೆ ತೆಗೆದುಕೊಂಡ. ಬಿಚ್ಚಿದ. ಅಕ್ಷರ ಬಾರದವನು. ಆದರೆ ಅವನ ಬೆರಳು ಮನೆಯಿಂದ ಮನೆಗೆ ಇಳಿಯುತ್ತ ಹೋಯಿತು. ಎಷ್ಟು ಸಾಲಿನ ಮನೆ ಯಾವುದರ ನಂತರ ಬರುತ್ತದೆ ಎಂಬುದು ಅವನಿಗೆ ಬಾಯಿಪಾಠ. ಐದು ಸಾಲು, ಎರಡು ಸಾಲು, ಏಳು ಸಾಲು, ಮೂರು ಸಾಲು. ಮೂರು ಸಾಲಿನ ಮನೆಯ ಮೇಲೆ ಬೆರಳು ನಿಂತಿತು.

"ಇಲ್ಲಿ ಅರಿಷಿಣ ಇಲ್ಲಲ್ರಿ" ಎಂದ.

ವಹಿಯನ್ನು ಇದ್ದ ಜಾಗದಲ್ಲೇ, ಬೆನ್ನು ಈಚೆಗೆ ಮಾಡಿ ಇಟ್ಟ. ನಾನು ಪ್ರಹ್ಲಾದನ ವಿಷಯ ಹೇಳತೊಡಗಿದೆ. ಕೀಲಿಕೈ, ಮಠ, ನೆಗಡಿ. ಅವನು ಪೂರ್ತ ಕೇಳಿದ.

"ಊರವರಿಗೆ ನಾನು ಬಂದು ಹೇಳ್ತೇನಿ ದೇವಪ್ಪಾ. ನಿಂದೇನೂ ತಪ್ಪಿಲ್ಲ ಅಂತ."

"ಯಾವಾಗ್ರಿ?"

ಪರೀಕ್ಷೆ ಮುಗಿಯಲಿ ಎಂದೆ.

ಅವನು ಹೊತ್ತಿಗೆಯನ್ನು ನೆಲದ ಮೇಲಿಟ್ಟು, ಯಂಕಪ್ಪನ ಹಾಳೆ ತೆಗೆಯಲು ಹೇಳಿದ. ತೆಗೆದೆ.

"ಮಡಚ್ರಿ."

"ಯಾಕ?"

"ವಂಶ ಮುಗದ ಮನಿ ಹಾಳಿ ಬಿಚ್ಚಿ ಇಡಂಗಿಲ್ರಿ. ಬರದವರ ಮಡಚಬೇಕು."

ಮಡಚಿದೆ. ಹಾಳೆ ಗಟ್ಟಿಯಾಗಿತ್ತು, ಎರಡು ಸಲ ಉಗುರಿನಿಂದ ಒತ್ತಬೇಕಾಯಿತು. ಅವನು ರುಮಾಲಿನ ಅಂಚಿನಿಂದ ಸೂಜಿ ತೆಗೆದು, ಮಡಚಿದ ಅಂಚನ್ನು ಕೆಂಪು ದಾರದಿಂದ ಹೊಲಿದ. ನಾಲ್ಕು ಹೊಲಿಗೆ. ದಾರವನ್ನು ಹಲ್ಲಿನಿಂದ ಕಡಿದ. ಹೊತ್ತಿಗೆಯನ್ನು ಕಂಬಳಿಯಲ್ಲಿ ಸುತ್ತಿ ಬೆನ್ನಿಗೆ ಹಾಕಿಕೊಂಡ.

ಬಾಗಿಲಲ್ಲಿ ಕಮಲಾಬಾಯಿ ಮೊರದಲ್ಲಿ ಜೋಳ ತಂದಳು. ಪ್ರತಿ ವರ್ಷ ಕೊಡುತ್ತಿದ್ದಂತೆ.

"ಬ್ಯಾಡ್ರಿ ಅವ್ವಾರ" ಎಂದ. "ಈ ಮನಿದು ನಾ ಏನೂ ಹೇಳಿಲ್ಲಲ್ರಿ ಈ ಸಲ."


೨೨ ಮಾರ್ಚ್

ಸರಕಾರ ಬಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಗುಲಾಲು. ಸ್ಟಾಫ್ ರೂಮಿನಲ್ಲಿ ಎಲ್ಲರೂ ತಾವು ಆಗ ಏನೇನು ವಿರೋಧಿಸಿದೆವು ಎಂದು ಹೇಳುತ್ತಿದ್ದರು. ಹೆಡ್‌ಮಾಸ್ತರರು ನನ್ನ ಕಡೆ ಕೈ ಮಾಡಿ, "ಕುಲಕರ್ಣಿಯವರು ಎದ್ದು ನಿಂತಿದ್ರು, ನಾವೆಲ್ಲ ನೋಡೇವಿ" ಎಂದರು. ಇಲ್ಲ ಎನ್ನಲಿಲ್ಲ. ನಿಂತಿದ್ದೆನಲ್ಲ.

ಪ್ರಹ್ಲಾದ ಕಾರ್ಡು ಬರೆದಿದ್ದಾನೆ: ಯಾದಿಗಳನ್ನೆಲ್ಲ ಸುಟ್ಟರಂತೆ, ರಾಮನವಮಿಗೆ ಬರಲೇ ಎಂದು ಕೇಳಿದ್ದಾನೆ. ಉತ್ತರಿಸಿಲ್ಲ. ಕೆಲವು ದ್ರೋಹಗಳಿಗೆ ಕಾರ್ಡು ಸಾಲದು.

ಸಂಜೆ ವಹಿ ತೆಗೆದು ಮೇಜಿನ ಮೇಲಿಟ್ಟುಕೊಂಡಿದ್ದೆ. ಕಮಲಾಬಾಯಿ ಬಂದು ಪಕ್ಕದಲ್ಲಿ ಒಂದು ಬಟ್ಟಲಿಟ್ಟಳು. ಕಲಸಿದ ಅರಿಷಿಣ.

"ಹೆತ್ತವಳ ಬೆರಳೇ ಆಗಬೇಕು" ಎಂದೆ.

"ಹೌದು" ಎಂದಳು. "ಹೋಗಿ ಕರಕೊಂಡು ಬರ್ರಿ."

ನಾನು ವಹಿಯ ಹಾಳೆ ತಿರುವಿದೆ. ಅವಳು ಬಟ್ಟಲು ಒಳಗೆ ಒಯ್ದಳು.


೧೭ ಏಪ್ರಿಲ್

ಪರೀಕ್ಷೆ ಮುಗಿದವು. ಬಿಸಿಲು ಬಹಳ. ಅಡರಕಟ್ಟಿಗೆ ಮಳೆ ಬಿದ್ದ ಮೇಲೆ ಹೋದರಾಯಿತು.

ಖಾಸಿಂಸಾಬ ಹೇಳಿದ, ಮಾಗಡಿಯ ಕಡೆ ದೇವಪ್ಪ ಮತ್ತೆ ಹೇಳಲು ಶುರುಮಾಡಿದ್ದಾನಂತೆ. ಅಲ್ಲಿಯವರು ಕಟ್ಟೆಯ ಮೇಲೆ ಕೂರಿಸಿಕೊಳ್ಳುತ್ತಾರಂತೆ. ಹೊಸ ಹೆಸರುಗಳನ್ನು ಯಾರಿಂದಲೂ ಬರೆಯಿಸುತ್ತಿಲ್ಲವಂತೆ; ಬಾಯಲ್ಲೇ ಇಟ್ಟುಕೊಳ್ಳುತ್ತಾನಂತೆ. "ಎಷ್ಟಂತ ಇಟ್ಕೊಂತಾನ್ರಿ, ವಯಸ್ಸಾತು" ಎಂದ ಖಾಸಿಂಸಾಬ.

ಮನೆಗೆ ಬರುವಾಗ ಸೈಕಲ್ ಮೇಲೆ ಆ ಮಾತಿನ ಇನ್ನೊಂದು ತುದಿ ಕೈಗೆ ಸಿಕ್ಕಿತು. ಹೇಳಿದವನು ದೇವಪ್ಪನೇ. ಹೋದ ವರ್ಷ, ಅಡರಕಟ್ಟಿಯ ದಾರಿಯಲ್ಲಿ, ನನ್ನ ಕಡೆ ತಿರುಗಿ. ಓದಾಕ ಬರೂದಿಲ್ಲ ಅಂತನ ಜನ ನನಗ ಎಲ್ಲಾ ಹೇಳ್ತಾರ್ರಿ. ನಿಮ್ಮನ್ನ ನಾ ನಂಬೇನಿ ಅಂತನ ನಿಮ್ಮ ಮುಂದ ಹೇಳ್ತಾರ.

ದೇವಪ್ಪಾ, ಮಾಗಡಿಯ ಕಟ್ಟೆಗಳ ಮೇಲೆ ಕುಳಿತು ಶುರುಮಾಡುವಾಗ, ಬರದಾತ ವೆಂಕೋಬರಾಯ ಅಂದು, ಬರದಾತ ಭೀಮರಾಯ ಅಂದು, ಅದರ ಮುಂದಿನದಕ್ಕೆ ಬಂದಾಗ ನೀನು ಹೆಸರು ಹೇಳುತ್ತೀಯೋ, ಉಸಿರು ಹಿಡಿಯುತ್ತೀಯೋ?